ಅಂಗಡಿಯ ಗೋಡೆಗೆ ಚಿತ್ರ: ಧಾರವಾಡದಲ್ಲಿ ಎರಡನೇ ಶನಿವಾರದ ಸಂಜೆ ನಡೆಸುವ ಬಗೆ

ಅಮೆರಿಕದ ಫಿಲಡೆಲ್ಫಿಯಾದ ಹಳೆಯ ಪೇಟೆಯಲ್ಲಿ 1991ರಿಂದ ತಿಂಗಳ ಮೊದಲ ಶುಕ್ರವಾರ ಸಂಜೆ ಗ್ಯಾಲರಿಗಳೆಲ್ಲ ಹೊತ್ತು ಮೀರಿ ಬಾಗಿಲು ತೆರೆದಿಡುತ್ತವೆ, ಅಕ್ಕಪಕ್ಕದ ಅಂಗಡಿಗಳೂ ಜೊತೆಗೂಡುತ್ತವೆ. ಅಲ್ಲಿ ಗ್ಯಾಲರಿಗಳು ಒತ್ತೊತ್ತಾಗಿ ಇರುವುದರಿಂದ ಅದು ನಡೆಯುತ್ತದೆ. ಧಾರವಾಡದಲ್ಲಿ ಸರ್ಕಾರಿ ಆರ್ಟ್ ಗ್ಯಾಲರಿ ಇದೆ, ಆದರೆ ಪೇಟೆಗೆ ಸೀರೆ ಕೊಳ್ಳಲು, ಪುಸ್ತಕ ಕೊಳ್ಳಲು ಬಂದವರು ಅಲ್ಲಿಯವರೆಗೆ ಹೋಗುವುದಿಲ್ಲ. ಕಲಾವಿದರಿಗಂತೂ ಈ ಸೀಮೆಯಲ್ಲಿ ಬರವಿಲ್ಲ: ಇಲ್ಲಿ ಚಿತ್ರಕಲಾವಿದ ಡಿ.ವಿ. ಹಾಲಭಾವಿಯವರು ಕಟ್ಟಿದ ಕಲಾ ಶಾಲೆ, ಹುಬ್ಬಳ್ಳಿಯಲ್ಲಿ ವಿಜಯ ಮಹಾಂತೇಶ ಲಲಿತಕಲಾ ಮಹಾವಿದ್ಯಾಲಯ, ಗದಗಿನಲ್ಲಿ ವಿಜಯ ಕಲಾ ಮಂದಿರ. ಇಲ್ಲಿ ಕಲಿತು ಹೊರಬಂದವರ ಚಿತ್ರಗಳು ಹೆಚ್ಚಿನವು ಮನೆಯ ಅಟ್ಟದಲ್ಲೇ ಇರುತ್ತವೆ. ಗ್ಯಾಲರಿ ಸಾಲಿಲ್ಲದ ಊರಿನಲ್ಲಿ ಅಂಗಡಿಯೇ ಗ್ಯಾಲರಿಯಾಗಬೇಕು. ಸುಭಾಸ ರಸ್ತೆ ಮತ್ತು ಅದರ ಅಡ್ಡ ಓಣಿಗಳಲ್ಲಿ ನಾವು ತಿಂಗಳಿಗೊಮ್ಮೆ ಮಾಡುತ್ತಿರುವುದು ಅದನ್ನೇ.

ಇಡೀ ಕೆಲಸಕ್ಕೆ ಒಂದೇ ನಿಯಮ: ಅಂಗಡಿಯ ವ್ಯಾಪಾರ ನಿಲ್ಲಬಾರದು. ದಿನ ಗೊತ್ತುಮಾಡುವುದು, ಚಿತ್ರ ತೂಗುಹಾಕುವುದು, ದೀಪ, ದುಡ್ಡಿನ ಲೆಕ್ಕ ಎಲ್ಲವೂ ಈ ನಿಯಮಕ್ಕೆ ತಲೆಬಾಗಬೇಕು.

ದಿನದ ವಿಷಯ ಮೊದಲು. ಎರಡನೇ ಶನಿವಾರ ಸರ್ಕಾರಿ ಕಚೇರಿಗೂ ಬ್ಯಾಂಕಿಗೂ ರಜೆ, ಅಂಗಡಿಗಳು ಮಾತ್ರ ತೆರೆದಿರುತ್ತವೆ. ನೌಕರಿಯವರು ಮನೆಮಂದಿಯ ಜೊತೆ ಪೇಟೆಗೆ ಬರುವ ದಿನ ಅದು. ಮಂಗಳವಾರ ಸಂತೆ, ಕಾಲಿಡಲು ಜಾಗವಿರುವುದಿಲ್ಲ. ಶುಕ್ರವಾರ ಸಂಜೆ ಹಲವು ಅಂಗಡಿಗಳಲ್ಲಿ ಲಕ್ಷ್ಮೀ ಪೂಜೆ, ಮಾಲಕರ ಗಮನ ನಮಗೆ ಸಿಗುವುದಿಲ್ಲ. ದೀಪಾವಳಿಯ ತಿಂಗಳು ಕೈಬಿಡುತ್ತೇವೆ, ಆಗ ಬಟ್ಟೆ ಅಂಗಡಿಯಲ್ಲಿ ಒಂದು ಅಡಿ ಗೋಡೆಯನ್ನು ಕೇಳುವುದೂ ತಪ್ಪು. ಪಿತೃಪಕ್ಷದಲ್ಲಿ ಅಂಗಡಿ ಖಾಲಿ ಇರುತ್ತದೆ, ಮಾಲಕರು ಖುಷಿಯಿಂದ ಜಾಗ ಕೊಡುತ್ತಾರೆ, ಜನ ಬಂದು ನೋಡುತ್ತಾರೆ ಕೂಡ. ಹೊಸದೇನನ್ನೂ ಮನೆಗೆ ಒಯ್ಯುವುದಿಲ್ಲ ಅಷ್ಟೇ. ಆ ತಿಂಗಳು ಮಾರಾಟಕ್ಕಿಲ್ಲದ ಹಳೆಯ ಚಿತ್ರಗಳನ್ನು, ಮನೆಮನೆಯ ಸಂಗ್ರಹದವನ್ನು ತೋರಿಸುವುದು ಒಳ್ಳೆಯದು.

ವೇಳೆ ಐದೂವರೆಯಿಂದ ಎಂಟೂವರೆ. ಹುಬ್ಬಳ್ಳಿಯಿಂದ ಬಂದವರು ಚಿಗರಿ ಬಸ್ಸು ಹಿಡಿದು ಊಟದ ಹೊತ್ತಿಗೆ ಮನೆ ಸೇರಬೇಕು. ಒಂಬತ್ತೂವರೆ ತನಕ ಎಳೆದರೆ ಕೊನೆಯ ಅಂಗಡಿಗಳಿಗೆ ಯಾರೂ ಬರುವುದಿಲ್ಲ, ಮುಂದಿನ ತಿಂಗಳು ಆ ಅಂಗಡಿಗಳೂ ಬರುವುದಿಲ್ಲ. ಮೊದಲ ಅಂಗಡಿಯಿಂದ ಕೊನೆಯದಕ್ಕೆ ಸಾವಕಾಶ ನಡೆದರೂ ಹತ್ತು ನಿಮಿಷ ಮೀರಬಾರದು. ಎಂಟರಿಂದ ಹನ್ನೆರಡು ಅಂಗಡಿ ಸಾಕು. ಹೆಚ್ಚು ಅಂಗಡಿ ಸೇರಿಸುವ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಇಪ್ಪತ್ತಾದಾಗ ನೋಡುಗರು ಅರ್ಧಕ್ಕೇ ದಣಿದು ಮಿರ್ಚಿ ಗಾಡಿಯ ಮುಂದೆ ನಿಲ್ಲುತ್ತಾರೆ.

ಅಂಗಡಿ ಆಯ್ಕೆಯಲ್ಲಿ ಸ್ನೇಹ ನೋಡಬಾರದು, ಗೋಡೆ ನೋಡಬೇಕು. ಪುಸ್ತಕದ ಅಂಗಡಿ, ಬಟ್ಟೆ ಅಂಗಡಿ, ಕನ್ನಡಕದ ಅಂಗಡಿ, ಔಷಧಿ ಅಂಗಡಿ, ಫೋಟೋ ಸ್ಟುಡಿಯೋ ಚೆನ್ನ. ಮೆಣಸಿನಕಾಯಿ, ಮಸಾಲೆ ಕುಟ್ಟುವ ಜಾಗ ಬೇಡವೇ ಬೇಡ: ಖಾರದ ಪುಡಿ ಎಣ್ಣೆವರ್ಣದ ಮೇಲೆ ಕೂತರೆ ಒರೆಸಿದಷ್ಟೂ ಒಳಗೆ ಇಳಿಯುತ್ತದೆ. ಖಾನಾವಳಿ, ಚಹಾ ಅಂಗಡಿಗಳಲ್ಲಿ ಗಾಜು ಹಾಕಿದ ಚಿತ್ರ ಮಾತ್ರ, ಅದೂ ತವೆಯಿಂದ ದೂರದ ಗೋಡೆಗೆ. ಮಳೆಗಾಲದಲ್ಲಿ ಪಡುವಣ ಹೊರಗೋಡೆಯ ಒಳಮೈ ಮುಟ್ಟಿ ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕದ ಜಿಟಿಜಿಟಿ ಮಳೆಗೆ ಹಳೆಯ ಇಟ್ಟಿಗೆ ಗೋಡೆ ತಂಪು ಹಿಡಿದಿರುತ್ತದೆ, ಅಂಥ ಗೋಡೆಗೆ ಜಲವರ್ಣದ ಬೆನ್ನು ತಾಗಿದರೆ ಕಾಗದ ಅಲೆಯಾಗಿ ಉಬ್ಬುತ್ತದೆ, ಬಿಟ್ಟರೆ ಕಂದು ಚುಕ್ಕಿ ಏಳುತ್ತದೆ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೆ ಬಾಟಲಿ ಬಿರಡೆ ಕೊಯ್ದು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡುತ್ತದೆ.

ಮಾಲಕರನ್ನು ಒಪ್ಪಿಸುವಾಗ ಕಲೆಯ ಮಹತ್ವದಿಂದ ಮಾತು ಶುರುಮಾಡಬೇಡಿ. ನಾವು ಹೇಳುವುದು ಇಷ್ಟು: "ಸಾವಕಾರ್ರ, ಒಂದು ಮೊಳಿ ಹೊಡ್ಯಂಗಿಲ್ರಿ, ನಿಮ್ಮ ಗಿರಾಕಿ ಒಬ್ರೂ ತಪ್ಪಂಗಿಲ್ರಿ, ಒಂಬತ್ತಕ್ಕ ಗ್ವಾಡಿ ಹೆಂಗಿತ್ತ ಹಂಗ ಕೊಡ್ತೀವ್ರಿ." ಮೂರನ್ನೂ ತಪ್ಪದೆ ನಡೆಸಿದರೆ ಮುಂದಿನ ಸಲ ಪಕ್ಕದ ಅಂಗಡಿಯವರು ತಾವಾಗಿಯೇ ಕೇಳುತ್ತಾರೆ.

ಮೊಳೆ ಹೊಡೆಯದೆ ತೂಗುಹಾಕುವುದು ಹೇಗೆ ಎನ್ನುವುದೇ ಇಲ್ಲಿಯ ನಿಜವಾದ ಕಸುಬು. ಪೇಟೆಯ ಹೆಚ್ಚಿನ ಅಂಗಡಿಗಳಲ್ಲಿ ತೂತಿನ ಕಬ್ಬಿಣದ ಆಂಗಲ್ ರ್‍ಯಾಕುಗಳಿರುತ್ತವೆ. ಮೇಲಿನ ತೂತಿಗೆ ಎಸ್ ಕೊಕ್ಕೆ, ಅದಕ್ಕೆ ತಂತಿ, ತಂತಿಗೆ ಚಿತ್ರ. ಬಟ್ಟೆ ಅಂಗಡಿಯಲ್ಲಿ ಸೀರೆ ಇಳಿಬಿಡುವ ಕೊಳವೆಯೇ ಸಾಕು. ರೋಲಿಂಗ್ ಶಟರಿನ ಪಟ್ಟಿಗೆ, ಅದರ ಕೊಳವೆಗೆ ಮಾತ್ರ ಏನನ್ನೂ ಕಟ್ಟಬಾರದು, ರಾತ್ರಿ ಯಾರೋ ಮರೆತು ಶಟರ್ ಎಳೆದರೆ ಚಿತ್ರ ಸುತ್ತಿಕೊಂಡು ಹೋಗುತ್ತದೆ. ಕಣ್ಣಿಗೆ ಕಾಣುವುದಿಲ್ಲವೆಂದು ಹಲವರು ನೈಲಾನ್ ತಂಗೂಸಿ ಬಳಸುತ್ತಾರೆ. ಅದು ಭಾರಕ್ಕೆ ಹಿಗ್ಗುತ್ತದೆ, ಗಂಟು ಜಾರುತ್ತದೆ. 2 ಕೆ.ಜಿ. ಒಳಗಿನ ಚಿತ್ರಕ್ಕೆ ನಡೆದೀತು, ಅದಕ್ಕಿಂತ ಭಾರಕ್ಕೆ ಹೆಣೆದ ಸ್ಟೀಲ್ ತಂತಿ ಬೇಕು, ತುದಿಗೆ ಗಂಟಲ್ಲ, ಕ್ಲ್ಯಾಂಪ್ ಹಾಕಬೇಕು.

ಭಾರ ಎಷ್ಟೆಂದು ಊಹಿಸದೆ ಲೆಕ್ಕ ಹಾಕಿ. ಗಾಜು ಒಂದು ಚದರ ಮೀಟರಿಗೆ ಪ್ರತಿ ಮಿ.ಮೀ. ದಪ್ಪಕ್ಕೆ ಎರಡೂವರೆ ಕೆ.ಜಿ. ತೂಗುತ್ತದೆ. 60 × 90 ಸೆಂ.ಮೀ. ಚಿತ್ರಕ್ಕೆ 3 ಮಿ.ಮೀ. ಗಾಜೆಂದರೆ ಗಾಜೊಂದೇ 4 ಕೆ.ಜಿ. ಅದೇ ಅಳತೆಗೆ 2 ಮಿ.ಮೀ. ಅಕ್ರಿಲಿಕ್ ಹಾಳೆ ಹಾಕಿದರೆ ಒಂದೂಕಾಲು ಕೆ.ಜಿ. ಚಿಲ್ಲರೆ. ತಿಂಗಳು ತಿಂಗಳು ರಿಕ್ಷಾದಲ್ಲಿ ಸಾಗಿಸುವ ಚಿತ್ರಗಳಿಗೆ ಅಕ್ರಿಲಿಕ್ಕೇ ಸರಿ: ಒಡೆಯುವುದಿಲ್ಲ. ಗೀರು ಬೇಗ ಬೀಳುತ್ತದೆ, ಆದ್ದರಿಂದ ಒಣ ಬಟ್ಟೆಯಿಂದ ಉಜ್ಜಬಾರದು, ಧೂಳನ್ನು ಮೊದಲು ಊದಿ ಆಮೇಲೆ ಒದ್ದೆ ಬಟ್ಟೆ ಆಡಿಸಬೇಕು. ಫೋಟೋ ಕಟ್ಟು ಹಾಕುವವರಿಗೆ ಹೇಳಿ ಹಿಂದೆ ನಡುವಿನ ಒಂದು ಕೊಂಡಿಯ ಬದಲು ಎರಡೂ ಪಕ್ಕಕ್ಕೆ ಡಿ ಕೊಂಡಿ ಹಾಕಿಸಿ. ಒಂದೇ ಕೊಂಡಿಯ ಚಿತ್ರ ಫ್ಯಾನಿನ ಗಾಳಿಗೆ ಸಂಜೆಯಿಡೀ ಓರೆಯಾಗುತ್ತಲೇ ಇರುತ್ತದೆ.

ಎತ್ತರಕ್ಕೆ ನಮ್ಮ ಲೆಕ್ಕ: ಚಿತ್ರದ ನಡುಭಾಗ ನೆಲದಿಂದ 150 ಸೆಂ.ಮೀ. ಚಿತ್ರದ ಎತ್ತರದ ಅರ್ಧವನ್ನು ಅದಕ್ಕೆ ಕೂಡಿ, ತಂತಿ ಬಿಗಿದಾಗ ಮೇಲಂಚಿನಿಂದ ಎಷ್ಟು ಕೆಳಗಿರುತ್ತದೋ ಅಷ್ಟನ್ನು ಕಳೆಯಿರಿ. 60 ಸೆಂ.ಮೀ. ಎತ್ತರದ ಚಿತ್ರ, ತಂತಿ 8 ಸೆಂ.ಮೀ. ಕೆಳಗೆ ಎಂದಾದರೆ 150ಕ್ಕೆ 30 ಕೂಡಿ 8 ಕಳೆದು 172ಕ್ಕೆ ಕೊಕ್ಕೆ. ಸಾಲಿನ ಎಲ್ಲ ಚಿತ್ರಗಳ ನಡುಭಾಗ ಒಂದೇ ಗೆರೆಗೆ ಬಂದರೆ ಅಳತೆ ಬೇರೆಬೇರೆಯಾದರೂ ಕಣ್ಣಿಗೆ ಎಡವು ಇರುವುದಿಲ್ಲ. ರಸಮಟ್ಟ ಜೊತೆಗಿರಲಿ. ಗಾದಿ ಹಾಸಿದ ಸೀರೆ ಅಂಗಡಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಜನ ಕೂತು ನೋಡುತ್ತಾರೆ, ಆದ್ದರಿಂದ ಗಾದಿಯ ಮೇಲಿಂದ 80 ಸೆಂ.ಮೀ.ಗೆ ನಡುಭಾಗ ತನ್ನಿ. ಗಾದಿ ಅಂಗಡಿಗಳಲ್ಲಿ ಚಿತ್ರಗಳು ಹೆಚ್ಚು ಹೊತ್ತು ನೋಡಿಸಿಕೊಳ್ಳುತ್ತವೆ. ಸೀರೆ ಬಿಚ್ಚಿ ತೋರಿಸುವ ತನಕ ಕೂತವರ ಕಣ್ಣೆದುರು ಅವೇ ಇರುತ್ತವೆ.

ದೀಪದಲ್ಲಿ ತಪ್ಪುವವರೇ ಬಹಳ. ಅಂಗಡಿಯ ಬಿಳಿ ಟ್ಯೂಬ್‌ಲೈಟು 6500 ಕೆಲ್ವಿನ್‌ನ ನೀಲಿ ಬಿಳುಪು (ಕೆಲ್ವಿನ್ ಬೆಳಕಿನ ಬಣ್ಣದ ಅಳತೆ, ಅಂಕಿ ಇಳಿದಷ್ಟೂ ಬೆಳಕು ಹಳದಿ), ಅದರ ಕೆಳಗೆ ಮೈಬಣ್ಣ ಬೂದಿ, ಕುಂಕುಮದ ಕೆಂಪು ಕಂದು. ಚಿತ್ರಕ್ಕೆ ಬೇಕಾದದ್ದು 3000 ಕೆಲ್ವಿನ್‌ನ 9 ವ್ಯಾಟ್ ಎಲ್‌ಇಡಿ ಸ್ಪಾಟ್, ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಅದಕ್ಕೂ ಮೇಲೆ ಎಂದು ಬರೆದಿರಬೇಕು. ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. ಅಗ್ಗದ ಬಲ್ಬುಗಳಲ್ಲಿ ಅದು 80ರ ಆಸುಪಾಸು, ಸೋಲುವುದು ಕೆಂಪು ಬಣ್ಣವೇ. ಮೇಲಿನಿಂದ ಸುಮಾರು 30 ಡಿಗ್ರಿ ಓರೆಯಾಗಿ ಬೆಳಕು ಬೀಳಬೇಕು. ಇದಕ್ಕೆ ಸುಲಭ ಲೆಕ್ಕವಿದೆ: ದೀಪದ ಎತ್ತರದಲ್ಲಿ ಚಿತ್ರದ ನಡುಭಾಗದ ಎತ್ತರ ಕಳೆದು 0.58ರಿಂದ ಗುಣಿಸಿ, ಬಂದಷ್ಟು ದೂರ ಗೋಡೆಯಿಂದ ದೀಪವಿರಲಿ. ದೀಪ 2.7 ಮೀಟರ್ ಎತ್ತರದಲ್ಲಿದ್ದರೆ 70 ಸೆಂ.ಮೀ. ಅದಕ್ಕಿಂತ ಹಿಂದೆ ಸರಿಸಿದರೆ ಗಾಜಿನಲ್ಲಿ ಬಲ್ಬೇ ಕಾಣುತ್ತದೆ, ನೋಡುಗರ ನೆರಳೂ ಬೀಳುತ್ತದೆ. ಎಂಟು ದೀಪ ಸೇರಿದರೂ 72 ವ್ಯಾಟ್, ಯಾವ ಸಾಕೆಟ್ಟಿಗೂ ಹೊರೆಯಲ್ಲ. ಫ್ಯೂಸ್ ಹೋಗುವುದು ಅದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಯಾರೋ ಚಹಾಕ್ಕೆಂದು ಇಂಡಕ್ಷನ್ ಒಲೆ ಚುಚ್ಚಿದಾಗ: 6 ಆಂಪಿಯರ್ ಸಾಕೆಟ್ ತಾಳುವುದು 1,300 ವ್ಯಾಟ್ ಚಿಲ್ಲರೆ, ಒಲೆ ಎಳೆಯುವುದು 2,000. ದೀಪದ ಬೋರ್ಡಿನ ಮೇಲೆ "ದೀಪಕ್ಕೆ ಮಾತ್ರ" ಎಂದು ಚೀಟಿ ಅಂಟಿಸಿ. ಕರೆಂಟು ಹೋಗುವ ಸಂಜೆಗೆಂದು ಒಂದೊಂದು ಅಂಗಡಿಗೂ ಚಾರ್ಜ್ ಮಾಡಿದ ದೀಪವೊಂದು ಇರಲಿ.

ಕಸೂತಿಯನ್ನು ಚಿತ್ರದ ಹಾಗೆ ಕಟ್ಟು ಹಾಕಿಸಿ ತೋರಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಬಟ್ಟೆಯ ಮುಂದೂ ಹಿಂದೂ ಒಂದೇ. ಗಂಟಿಲ್ಲದೆ ದಾರ ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಬಿಟ್ಟ ಜಾಗ ತುಂಬುತ್ತದೆ. ಕಸೂತಿ ಹಾಕುವವರ ಕೈ ಎಷ್ಟು ಪಳಗಿದೆ ಎಂಬುದು ತಿಳಿಯುವುದು ಹಿಂಬದಿಯಲ್ಲಿ, ಕಟ್ಟಿನ ಹಿಂದಿನ ರಟ್ಟು ಅದನ್ನೇ ಮುಚ್ಚುತ್ತದೆ. ಅದಕ್ಕೆ ಸೆರಗನ್ನು ಕೊಳವೆಗೆ ಇಳಿಬಿಟ್ಟು ಗೋಡೆಯಿಂದ ಎರಡು ಅಡಿ ಈಚೆ ನಿಲ್ಲಿಸುತ್ತೇವೆ, ಜನ ಸುತ್ತು ಹಾಕಿ ಎರಡೂ ಬದಿ ನೋಡುತ್ತಾರೆ. ನೇಗಿ ಮತ್ತು ಮೆಂತೆ ಹೊಲಿಗೆಗಳಲ್ಲಿ ಎರಡು ಬದಿ ಒಂದೇ ಆಗಿರುವುದಿಲ್ಲ, ಅವನ್ನು ಪಕ್ಕದಲ್ಲೇ ಇಟ್ಟರೆ ವ್ಯತ್ಯಾಸ ಯಾರೂ ಹೇಳದೆ ತಿಳಿಯುತ್ತದೆ. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಗೆ ಎದುರಿನ ಬೆಳಕಿಗಿಂತ ಪಕ್ಕದ ಬೆಳಕು ಒಳ್ಳೆಯದು, ಎಳೆ ಎದ್ದು ಕಾಣುತ್ತದೆ. ರೇಷ್ಮೆಯ ಬಣ್ಣ ಬೆಳಕಿಗೆ ಸೋಲುತ್ತದೆ, ಹಳೆಯ ಸೀರೆಯ ಮೇಲೆ ಬೀಳುವ ಬೆಳಕು 50 ಲಕ್ಸ್ (ಬೆಳಕಿನ ಪ್ರಮಾಣದ ಅಳತೆ) ಮೀರಬಾರದು. ಮುಟ್ಟಿ ನೋಡಲು ಬೇರೆ ತುಂಡೊಂದನ್ನು ಕಟ್ಟಿಡಿ, ಇಲ್ಲದಿದ್ದರೆ ಸೆರಗನ್ನೇ ಮುಟ್ಟುತ್ತಾರೆ.

ಪಾಲಿಕೆ, ಪೊಲೀಸರ ವಿಷಯ ಚುಟುಕಾಗಿ. ಅಂಗಡಿಯೊಳಗೆ, ಅಂಗಡಿಯ ಕಟ್ಟೆಯ ಮೇಲೆ ಇದ್ದಷ್ಟು ಹೊತ್ತು ತೊಡಕಿಲ್ಲ. ಫುಟ್‌ಪಾತಿಗೆ ಒಂದು ಕುರ್ಚಿ ಇಳಿದರೂ ಮಹಾನಗರ ಪಾಲಿಕೆಗೂ ಪೊಲೀಸ್ ಠಾಣೆಗೂ ಮೊದಲೇ ಅರ್ಜಿ ಕೊಡಬೇಕು. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕೇ ಬೇಕು, ವಾಣಿಜ್ಯ ಪ್ರದೇಶದಲ್ಲಿ ಹಗಲಿನ ಮಿತಿ 65 ಡೆಸಿಬೆಲ್. ನಾವು ಮೈಕನ್ನೇ ಬಿಟ್ಟಿದ್ದೇವೆ. ಒಂದು ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ತಂಬೂರಿ, ತಬಲಾ, ಹಾಡುಗಾರರು, ಮೂವತ್ತು ಜನ, ಅಷ್ಟೇ. ಫ್ಯಾನು ನಿಲ್ಲಿಸಿದರೆ ಕೊನೆಯವರಿಗೂ ಕೇಳುತ್ತದೆ. ಫ್ಲೆಕ್ಸ್ ನಮ್ಮ ರಾಜ್ಯದಲ್ಲಿ 2016ರಿಂದ ನಿಷಿದ್ಧ, ಬಟ್ಟೆಯ ಬ್ಯಾನರಿಗೆ ಪೇಂಟರ್ ಕೈಬರಹ ಮಾಡಿಸಿ. ಅದು ಎಷ್ಟೋ ಚೆಂದ, ತಾರೀಖಿನ ಜಾಗ ಖಾಲಿ ಬಿಟ್ಟರೆ ವರ್ಷವಿಡೀ ಬರುತ್ತದೆ.

ಉದ್ಘಾಟನೆಗೆ ವೇದಿಕೆ ಹಾಕಬೇಡಿ. ನಮ್ಮೂರಿನಲ್ಲಿ ಭಾಷಣ ಕೇಳಲು ಬೇಕಾದಷ್ಟು ಸಭಾಂಗಣಗಳಿವೆ, ಒಳ್ಳೆಯ ಭಾಷಣಗಳೂ ಆಗುತ್ತವೆ. ಆದರೆ ಮೂರು ಗಂಟೆಯ ಸಂಜೆಯಲ್ಲಿ ಸ್ವಾಗತ, ಹಾರ, ಶಾಲು, ವಂದನಾರ್ಪಣೆಗೆ ಒಂದು ಗಂಟೆ ಹೋದರೆ ಜನ ಒಂದೇ ಕಡೆ ಸಿಕ್ಕಿಕೊಳ್ಳುತ್ತಾರೆ, ಉಳಿದ ಹನ್ನೊಂದು ಅಂಗಡಿ ಭಣಭಣ. ಪ್ರತಿ ಅಂಗಡಿಯ ಮಾಲಕರೇ ಐದೂವರೆಗೆ ದೀಪದ ಸ್ವಿಚ್ ಹಾಕುತ್ತಾರೆ, ಅದೇ ಉದ್ಘಾಟನೆ. ಕಲಾವಿದರು ಮಾತ್ರ ಮೂರೂ ಗಂಟೆ ತಮ್ಮ ಚಿತ್ರದ ಹತ್ತಿರವೇ ಇರಬೇಕು, ಈ ಷರತ್ತನ್ನು ನಾವು ಸಡಿಲಿಸುವುದಿಲ್ಲ. ಕೇಳುವವರಿಗೆ ಉತ್ತರ ಹೇಳುವವರಿಲ್ಲದ ಚಿತ್ರ ಮಾರಾಟವಾಗುವುದು ಅಪರೂಪ, ಅಂಗಡಿಯ ಹುಡುಗರು ಗಿರಾಕಿ ಬಿಟ್ಟು ಬಂದು ಅದನ್ನು ವಿವರಿಸಲಾರರು.

ಚಿತ್ರದ ಕೆಳಗಿನ ಚೀಟಿಯಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಬೆಲೆ ಬರೆಯಲು ಸಂಕೋಚಪಡುವ ಕಲಾವಿದರು ಬಹಳ. ಬರೆಯದಿದ್ದರೆ ಕೇಳಲು ಸಂಕೋಚಪಡುವ ಗಿರಾಕಿಗಳು ಅದಕ್ಕಿಂತ ಬಹಳ. ದೊಡ್ಡ ಕ್ಯಾನ್ವಾಸಿನ ಜೊತೆ ಸಾವಿರ ರೂಪಾಯಿಯೊಳಗಿನ ಎರಡು ಮೂರು ಚಿಕ್ಕ ರೇಖಾಚಿತ್ರ, ಮುದ್ರಣಚಿತ್ರ ಇಡಲು ಹೇಳುತ್ತೇವೆ. ಮೊದಲ ಸಲ ಚಿತ್ರ ಕೊಳ್ಳುವವರು ಅಲ್ಲಿಂದಲೇ ಶುರುಮಾಡುವುದು.

ದುಡ್ಡಿನಲ್ಲಿ ಗೊಂದಲ ಹುಟ್ಟುವ ಜಾಗ ಒಂದೇ: ಕ್ಯೂಆರ್. ಗಿರಾಕಿ ಗಲ್ಲಾದ ಮೇಲಿನ ಅಂಗಡಿಯ ಕ್ಯೂಆರ್‌ಗೆ ಹಣ ಹಾಕಿದರೆ ಚಿತ್ರದ ದುಡ್ಡು ಸೀರೆಯ ದುಡ್ಡಿನ ಜೊತೆ ಸೇರಿ, ಮಾಲಕರ ಲೆಕ್ಕದ ವಹಿಯಲ್ಲಿ ಬಿಡಿಸಲಾರದ ಗಂಟಾಗುತ್ತದೆ. ಚೀಟಿಯ ಮೇಲೆಯೇ ಕಲಾವಿದರ ಕ್ಯೂಆರ್ ಅಚ್ಚು ಹಾಕಿಸಿ, ಗಲ್ಲಾದಿಂದ ದೂರ ಇಡಿ. ಹಣ ಬಂದ ಕೂಡಲೇ ಚೀಟಿಗೆ ಕೆಂಪು ಚುಕ್ಕಿ, ಕೈಬರಹದ ರಸೀದಿ. ದೊಡ್ಡ ಊರಿನ ಗ್ಯಾಲರಿಗಳು ಶೇಕಡಾ 30ರಿಂದ 50ರವರೆಗೆ ಇಟ್ಟುಕೊಳ್ಳುತ್ತವೆ. ಇಲ್ಲಿ ಅಂಗಡಿಗೆ ಶೇಕಡಾ 10 ಕೊಡುವುದೆಂದು ಮಾಡಿದ್ದೇವೆ, ಹೆಚ್ಚಿನ ಮಾಲಕರು ಅದನ್ನು ಬೇಡವೆನ್ನುತ್ತಾರೆ. ಬೇಡವೆಂದರೂ ಕಲಾವಿದರು ಕೊಡಬೇಕು. ಪುಕ್ಕಟೆ ಸಿಕ್ಕ ಗೋಡೆ ಮುಂದಿನ ಹಬ್ಬದ ಸುಗ್ಗಿಯಲ್ಲಿ ಮೊದಲು ಹೋಗುವ ಗೋಡೆ.

ಚಿತ್ರ ಒಪ್ಪಿಸುವಾಗ ಎರಡು ಪ್ರತಿ ಪತ್ರ ಬೇಕು: ಹೆಸರು, ಅಳತೆ, ಬೆಲೆ, ಈಗಾಗಲೇ ಇರುವ ಗೀರು ಕಲೆಗಳ ವಿವರ, ಮುಂದು ಹಿಂದು ನಾಲ್ಕು ಮೂಲೆಯ ಫೋಟೋ, ಇಬ್ಬರ ಸಹಿ. ಇದಿಲ್ಲದೆ ಒಂದು ಚಿತ್ರವೂ ಅಂಗಡಿಯ ಹೊಸ್ತಿಲು ದಾಟಬಾರದು. ಎಂಟೂವರೆಗೆ ದೀಪ ಆರಿಸಿ ತಣ್ಣಗಾಗಲು ಬಿಟ್ಟು, ಮೊದಲು ಚಿತ್ರ, ಆಮೇಲೆ ತಂತಿ, ಕೊನೆಗೆ ಕೊಕ್ಕೆ ಬಿಚ್ಚುತ್ತೇವೆ. ಮಾರಾಟವಾಗದ್ದು ಅದೇ ರಾತ್ರಿ ಕಲಾವಿದರ ಕೈಗೆ. ಕೆಲವು ಮಾಲಕರು ಒಂದು ಚಿತ್ರ ಇನ್ನೊಂದು ತಿಂಗಳು ಗೋಡೆಯಲ್ಲೇ ಇರಲಿ ಎನ್ನುತ್ತಾರೆ. ಆಗ ಪತ್ರದ ತಾರೀಖು ತಿದ್ದಿ ಮತ್ತೆ ಸಹಿ ಮಾಡಿಸಿ, ಮಧ್ಯಾಹ್ನದ ಬಿಸಿಲು ಬೀಳದ, ಊದುಬತ್ತಿಯ ಹೊಗೆ ತಾಗದ ಗೋಡೆಗೆ ಅದನ್ನು ಸರಿಸಿ ಬರುತ್ತೇವೆ.