ಥಿನ್ನರ್ ಡಬ್ಬ ತೆರೆಯುವ ಮುಂಚೆ ಗಾಳಿಗೆ ದಾರಿ ಮಾಡಿ

ಕಳೆದ ತಿಂಗಳು ಪಕ್ಕದ ಮನೆಯಲ್ಲಿ ವಾರ್ಡ್‌ರೋಬಿಗೆ ಪಾಲಿಶ್ ಹೊಡೆಯುತ್ತಿದ್ದರು. ಸಣ್ಣ ಕೋಣೆ, ಕಿಟಕಿ ಬಂದ್, ಫ್ಯಾನ್ ಬಂದ್. ಮಧ್ಯಾಹ್ನ ಪೇಂಟರ್ ಹೊರಗೆ ಬಂದು ಮೆಟ್ಟಿಲ ಮೇಲೆ ಕುಸಿದು ಕೂತರು. ಕಣ್ಣು ಕೆಂಪು, ಮಾತು ತೊದಲು. ಕುಡಿದು ಬಂದಿದ್ದಾರೆ ಅಂತ ಮನೆಯವರು ಬೈದರು. ಅವರು ಒಂದು ತೊಟ್ಟೂ ಕುಡಿದಿರಲಿಲ್ಲ. ಪಾಲಿಶ್ ತೆಳುವಾಗಲು ಬೆರೆಸುವ ಥಿನ್ನರ್‌ನ ಆವಿ ತಲೆಗೇರಿತ್ತು.

ಥಿನ್ನರ್‌ನಲ್ಲಿ ಸಾಮಾನ್ಯವಾಗಿ ಇರುವ ಟಾಲ್ವೀನ್, ಕ್ಸೈಲೀನ್ ಅನ್ನುವ ರಾಸಾಯನಿಕಗಳ ಆವಿ ಮೆದುಳನ್ನು ಹೆಂಡದ ಹಾಗೇ ಮಂಕು ಮಾಡುತ್ತದೆ. ವರ್ಷಗಟ್ಟಲೆ ಒಳಗೆ ಹೋದರೆ ಮರೆವು, ಸಿಡುಕು, ನಿದ್ದೆಗೇಡು ಶುರುವಾಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1989ರಲ್ಲೇ ಪೇಂಟರ್ ಕೆಲಸವನ್ನು ಕ್ಯಾನ್ಸರ್ ತರುವ ಕೆಲಸಗಳ ಪಟ್ಟಿಗೆ ಸೇರಿಸಿದೆ.

1. ಗೋಡೆಗೆ ಥಿನ್ನರ್ ಬದಲು ನೀರು ಬೆರೆಸುವ ಎಮಲ್ಶನ್ ಪೇಂಟ್ ಸಾಕು. ಮರಕ್ಕೂ ನೀರಿನ ಪಾಲಿಶ್ ಸಿಗುತ್ತದೆ, ನಾನಂತೂ ಅದನ್ನೇ ತನ್ನಿ ಅನ್ನುತ್ತೇನೆ. ಹಳೇ ನೀರಿನ ಬಾಟಲಿಯಲ್ಲಿ ತುಂಬಿ ಕೊಡುವ ಬಿಡಿ ಥಿನ್ನರ್ ಮಾತ್ರ ಬೇಡವೇ ಬೇಡ. ಒಳಗೆ ಏನಿದೆ ಗೊತ್ತಿರಲ್ಲ, ಮಕ್ಕಳು ನೀರು ಅಂತ ಕುಡಿದುಬಿಡುತ್ತಾರೆ.

2. ಗಾಳಿ. ಎಡವಟ್ಟಾಗುವುದು ಇಲ್ಲೇ. ಹಸಿ ಪಾಲಿಶ್ ಮೇಲೆ ಧೂಳು ಕೂರುತ್ತದೆ ಅಂತ ಕಿಟಕಿ ಮುಚ್ಚುತ್ತಾರೆ. ಆ ಭಯ ನಿಜವೇ. ಹಾಗಾಗಿ ಧೂಳನ್ನು ಮೊದಲೇ ತೆಗೆಯಿರಿ. ಉಜ್ಜುವ ಕೆಲಸ ಹಿಂದಿನ ದಿನವೇ ಮುಗಿಸಿ, ಗುಡಿಸಿ, ನೆಲ ಒರೆಸಿ ಒಣಗಲು ಬಿಡಿ. ಬೆಳಿಗ್ಗೆ ಕಿಟಕಿ ಪೂರ್ತಿ ತೆರೆಯಿರಿ, ಸೊಳ್ಳೆ ಜಾಲರಿ ಹಾಗೇ ಇರಲಿ. ಟೇಬಲ್ ಫ್ಯಾನನ್ನು ಬಾಗಿಲ ಹೊರಗಿಟ್ಟು ಒಳಮುಖ ಮಾಡಿ. ಫ್ಯಾನ್ ಕೋಣೆಯೊಳಗೆ ಬೇಡ, ಮೋಟರಿನ ಒಂದು ಕಿಡಿ ಸಾಕು ಆವಿಗೆ ಬೆಂಕಿ ಹತ್ತಲು. ಕಿಟಕಿ ಹತ್ತಿರ ಒಂದು ದಾರ ಹಿಡಿದು ನೋಡಿ. ಅದು ಹೊರಗಡೆಗೆ ವಾಲಿದರೆ ಗಾಳಿ ಸರಿಯಾಗಿ ಹೋಗುತ್ತಿದೆ. ಆಮೇಲೆ ಡಬ್ಬ ತೆರೆಯಿರಿ. ಗಾಳಿ ನಿಮ್ಮ ಬೆನ್ನ ಕಡೆಯಿಂದ ಬರುವ ಹಾಗೆ ನಿಂತು ಕೆಲಸ ಮಾಡಿ. ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ಕೆಳಗಿನ ಡ್ರಾಯರ್‌ಗೆ ಬಗ್ಗಿ ಹೊಡೆಯುವಾಗ ಮುಖ ಅದರಲ್ಲೇ ಮುಳುಗಿರುತ್ತದೆ, ಅದಕ್ಕೇ ಆಗಾಗ ಎದ್ದು ಹೊರಗೆ ಬನ್ನಿ. ವಾಸನೆ ಬರುತ್ತಿಲ್ಲ ಅಂತ ಧೈರ್ಯ ಬೇಡ. ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ, ಆವಿ ಅಲ್ಲೇ ಇರುತ್ತದೆ.

3. ಮುಖಕ್ಕೆ ಕಟ್ಟುವ ಟವೆಲ್, ಕೊರೊನಾ ಕಾಲದ ಮಾಸ್ಕ್, ಯಾವುದೂ ಆವಿ ತಡೆಯಲ್ಲ. ಆರ್ಗ್ಯಾನಿಕ್ ವೇಪರ್ ಅಂತ ಬರೆದಿರುವ, ಇದ್ದಿಲು ತುಂಬಿದ ಕಾರ್ಟ್ರಿಜ್ ಮಾಸ್ಕ್ ಬೇಕು. ಅದರ ಒಳಗೂ ವಾಸನೆ ಬಂತೆಂದರೆ ಕಾರ್ಟ್ರಿಜ್ ಬದಲಿಸಿ. ಕೆಲಸ ಮಾಡಿಸುವವರೇ ಇದನ್ನು ತಂದುಕೊಡಬೇಕು, ಅದು ನ್ಯಾಯ ಅಲ್ವಾ? ಸಂಜೆ ಬೆಲ್ಲ, ಬಾಳೆಹಣ್ಣು ತಿಂದರೆ ವಿಷ ಇಳಿಯುತ್ತದೆ ಅನ್ನುವ ಮಾತು ನಂಬಬೇಡಿ.

4. ಕೈಯನ್ನು ಥಿನ್ನರ್‌ನಲ್ಲಿ ತೊಳೆಯಬೇಡಿ. ಚರ್ಮದ ಎಣ್ಣೆಯೆಲ್ಲ ಹೋಗಿ ಬಿರುಕು ಬಿಡುತ್ತದೆ, ಥಿನ್ನರ್ ಮೈಯೊಳಗೂ ಇಳಿಯುತ್ತದೆ. ಮೊದಲು ಅಡುಗೆ ಎಣ್ಣೆ ಉಜ್ಜಿ, ಆಮೇಲೆ ಸೋಪು.

5. ತಲೆ ತಿರುಗಿದರೆ, ವಾಕರಿಕೆ ಬಂದರೆ ತಕ್ಷಣ ಕೆಲಸ ಬಿಟ್ಟು ಬಯಲಿಗೆ ಬನ್ನಿ. ಕಡಿಮೆಯಾಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ, ಥಿನ್ನರ್ ಡಬ್ಬದ ಲೇಬಲ್ ಫೋಟೊ ತೋರಿಸಿ.

ದೂರದ ಊರುಗಳಿಂದ ಬಂದ ಪೇಂಟರ್‌ಗಳು ಎಷ್ಟೋ ಸಲ ಪಾಲಿಶ್ ಹೊಡೆದ ಕೋಣೆಯಲ್ಲೇ ರಾತ್ರಿ ಚಾಪೆ ಹಾಸಿಕೊಳ್ಳುತ್ತಾರೆ. ಅವರಿಗೆ ಹಾಲ್‌ನಲ್ಲೋ, ತಾರಸಿ ಮೇಲೋ ಮಲಗಲು ಜಾಗ ಕೊಡಿ.