ಬಡಾವಣೆಯ ರಸ್ತೆಗೆ ವೇಗಮಿತಿ ಫಲಕ ಹಾಕಿಸುವುದು ಹೇಗೆ?

ನಮ್ಮ ಬಡಾವಣೆಯ ಎರಡನೇ ಮೇನ್‌ನಲ್ಲಿ ನಿವಾಸಿಗಳೇ ಚಂದಾ ಎತ್ತಿ ನೆಡಿಸಿದ್ದ ಫಲಕದಲ್ಲಿ ನೀಲಿ ವೃತ್ತದೊಳಗೆ ಬಿಳಿ ಬಣ್ಣದಲ್ಲಿ 30 ಎಂದಿತ್ತು. ಸಂಚಾರ ಚಿಹ್ನೆಗಳ ಲೆಕ್ಕದಲ್ಲಿ ಅದರ ಅರ್ಥ, ಗಂಟೆಗೆ 30 ಕಿಲೋಮೀಟರ್‌ಗಿಂತ ನಿಧಾನವಾಗಿ ಹೋಗಕೂಡದು ಎಂದು! ಅದರ ಕೆಳಗೆ ದಾನಿಯ ಜಾಹೀರಾತು ಆ ಸಂಖ್ಯೆಗಿಂತಲೂ ದೊಡ್ಡದಾಗಿತ್ತು.

ಮೊದಲು ಅನುಮತಿ. 1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ವೇಗಮಿತಿ ಗೊತ್ತುಪಡಿಸುವ ಅಧಿಕಾರ ರಾಜ್ಯ ಸರ್ಕಾರ ಹಾಗೂ ಅದು ಅಧಿಕಾರ ಕೊಟ್ಟ ಪ್ರಾಧಿಕಾರದ್ದು; 116ನೇ ಸೆಕ್ಷನ್ ಪ್ರಕಾರ ಚಿಹ್ನೆಯನ್ನು ನೆಡುವ ಅಧಿಕಾರವೂ ಹಾಗೆಯೇ. ಆದ್ದರಿಂದ ಸಂಘದ ನಿರ್ಣಯದ ಪ್ರತಿಯೊಂದಿಗೆ ನಿಮ್ಮ ಪ್ರದೇಶದ ಸಂಚಾರ ಠಾಣೆಗೂ ಪಾಲಿಕೆಗೂ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ; ಅನುಮತಿ ಸಿಕ್ಕ ಮೇಲಷ್ಟೇ ಮುಂದಿನ ಕೆಲಸ.

ಎರಡನೆಯದು ಫಲಕ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 67 ಸಂಹಿತೆಯಂತೆ ಬಿಳಿ ನೆಲ, ಕೆಂಪು ಅಂಚು, ಕಪ್ಪು ಅಂಕಿಗಳ ವೃತ್ತ ಇರಬೇಕು; ಬಡಾವಣೆಯ ರಸ್ತೆಗೆ 600 ಮಿಲಿಮೀಟರ್ ವ್ಯಾಸ ಸಾಕು. ವೃತ್ತದೊಳಗೆ ಅಂಕಿ ಮಾತ್ರ, ‘ಕಿ.ಮೀ.’, ‘ನಿಧಾನವಾಗಿ ಚಲಿಸಿ’, ಸಂಘದ ಮುದ್ರೆ ಯಾವುದೂ ಬೇಡ. ತಗಡು ತೆಳುವಾದರೆ ಗಾಳಿಗೆ ಬಾಗುತ್ತದೆ, ಹೀಗಾಗಿ 2 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಹಾಳೆಯನ್ನೇ ಕೇಳಿ. ಫ್ಲೆಕ್ಸ್ ಬೋರ್ಡಿನ ಮಾತೆತ್ತಿದವರನ್ನು ಅಲ್ಲಿಂದಲೇ ಕಳುಹಿಸಿ.

ಫಲಕ ರಾತ್ರಿಯೂ ಕಾಣಬೇಕಾದರೆ ಅದರ ಮುಖಕ್ಕೆ ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುವ ಪ್ರತಿಫಲನ ಹಾಳೆ ಬೇಕು; ಸ್ಟಿಕ್ಕರ್ ಅಂಗಡಿಯವರು ‘ರೇಡಿಯಂ’ ಎಂದು ಕೊಡುವುದೆಲ್ಲವೂ ಅದಲ್ಲ. ಹಣ ಕೊಡುವ ಮೊದಲು ಕತ್ತಲಾದ ಮೇಲೆ ಮೂವತ್ತು ಹೆಜ್ಜೆ ದೂರ ನಿಂತು ಮೊಬೈಲಿನ ಟಾರ್ಚನ್ನು ಕಣ್ಣಿನ ಪಕ್ಕದಲ್ಲೇ ಹಿಡಿದು ನೋಡಿ: ಒಳ್ಳೆಯ ಹಾಳೆ ಬೆಳಗುತ್ತದೆ, ಸಾಧಾರಣ ವಿನೈಲ್ ಮಂಕಾಗಿಯೇ ಉಳಿಯುತ್ತದೆ.

ಮೂರನೆಯದು ಜಾಗ, ಹೆಚ್ಚಿನವರು ಎಡವುವುದು ಇಲ್ಲೇ. ಮೂಲೆಮನೆಯ ಕಾಂಪೌಂಡಿಗೆ ಒತ್ತಿ ಕಂಬ ನೆಟ್ಟರೆ ಪಾದಚಾರಿಗೆ ಕಾಣುತ್ತದೆಯೇ ಹೊರತು, ಮೇನ್ ರೋಡಿನಿಂದ ಎಡಕ್ಕೆ ತಿರುಗುವ ಚಾಲಕನಿಗೆ ಕಾಣುವುದಿಲ್ಲ, ಏಕೆಂದರೆ ಆ ಕ್ಷಣದಲ್ಲಿ ಅವನ ಗಮನ ಎದುರಿನ ಸ್ಕೂಟರಿನ ಮೇಲೂ ಅಡ್ಡ ಬರುವ ನಾಯಿಯ ಮೇಲೂ ಇರುತ್ತದೆ. ತಿರುವು ಮುಗಿಸಿ ಗಾಡಿ ನೇರವಾಗುವ ಕಡೆ, ತಿರುವಿನಿಂದ ಅಂದಾಜು ಹದಿನೈದಿಪ್ಪತ್ತು ಮೀಟರ್ ಮುಂದೆ, ರಸ್ತೆಯ ಎಡಬದಿಯಲ್ಲಿ ನೆಡಿ. ಗಂಟೆಗೆ 50 ಕಿಲೋಮೀಟರ್ ವೇಗದ ಗಾಡಿ ಸೆಕೆಂಡಿಗೆ ಸುಮಾರು 14 ಮೀಟರ್ ಸಾಗುವುದರಿಂದ, ಹತ್ತು ಮೀಟರ್ ಹತ್ತಿರ ಬಂದಾಗ ಕೊಂಬೆಯ ಮರೆಯಿಂದ ಇಣುಕುವ ಫಲಕವನ್ನು ಓದಲು ಚಾಲಕನಿಗೆ ಒಂದು ಸೆಕೆಂಡೂ ಸಿಗುವುದಿಲ್ಲ. ಹೊಂಗೆ ಮರ, ಟ್ರಾನ್ಸ್‌ಫಾರ್ಮರ್ ಮತ್ತು ಕಂಬದಿಂದ ಜೋತಾಡುವ ಕೇಬಲ್ ಸುರುಳಿಗಳೇ ನಮ್ಮ ಕ್ರಾಸ್‌ಗಳಲ್ಲಿ ಫಲಕಕ್ಕೆ ಅಡ್ಡ. ನಕ್ಷೆ ನೋಡಿ ಜಾಗ ಗುರುತಿಸಬೇಡಿ. ಒಬ್ಬರು ರಟ್ಟಿನ ವೃತ್ತ ಹಿಡಿದು ಏಣಿ ಹತ್ತಲಿ, ಇನ್ನೊಬ್ಬರು ಕಾರಿನ ಸೀಟಿನಿಂದಲೂ ಬೈಕಿನಿಂದಲೂ ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ನೋಡಲಿ. ಮರಕ್ಕೆ ಮೊಳೆ ಹೊಡೆಯುವ ಅಡ್ಡದಾರಿ ಸರ್ವಥಾ ಬೇಡ.

ಪಾದಚಾರಿ ಮಾರ್ಗದ ಮೇಲೆ ಫಲಕದ ಕೆಳಅಂಚು ಕನಿಷ್ಠ 2.1 ಮೀಟರ್ ಎತ್ತರದಲ್ಲಿರಲಿ. ಮುಖ ಥಳಥಳಿಸಿ ಅಂಕಿ ಕಾಣದಿದ್ದರೆ ಫಲಕವನ್ನು ರಸ್ತೆಯಿಂದ ಆಚೆಗೆ ತುಸುವೇ ತಿರುಗಿಸಿ. ಕಂಬವನ್ನು 45 ಸೆಂಟಿಮೀಟರ್ ಚೌಕ, 60 ಸೆಂಟಿಮೀಟರ್ ಆಳದ ಕಾಂಕ್ರೀಟಿನಲ್ಲಿ ಕೂರಿಸಿ. ಗುಂಡಿ ತೋಡುವ ಮುನ್ನ ನೀರು, ಒಳಚರಂಡಿ, ಕೇಬಲ್ ಮಾರ್ಗಗಳನ್ನು ವಿಚಾರಿಸಿಕೊಳ್ಳಿ.

ದಾರಿಯಲ್ಲಿ ದೊಡ್ಡ ಅಡ್ಡರಸ್ತೆ ಸೇರಿದರೆ ಅದರಾಚೆಗೂ ಒಂದು ಫಲಕ ಬೇಕು, ಏಕೆಂದರೆ ಅಲ್ಲಿಂದ ಬಂದವನು ಮೊದಲನೆಯದನ್ನು ನೋಡಿರುವುದೇ ಇಲ್ಲ. ಮುಂಗಾರು ಕಳೆದ ಮೇಲೆ ಅದೇ ಕಾರಿನಲ್ಲಿ ಮತ್ತೊಮ್ಮೆ ಬನ್ನಿ. ಹೊಂಗೆಯ ಹೊಸ ಚಿಗುರು ಅಷ್ಟರಲ್ಲಿ 30ರ ಸೊನ್ನೆಯನ್ನು ಮುಚ್ಚಿರಬಹುದು.