ನಮ್ಮ ಅಂಗಡಿ ಬೋರ್ಡಿನ ಭಾರ ಇಳಿಸಿದ್ದು

ಗಂಗಾವತಿಯಲ್ಲಿ ನಮ್ಮದು ಅಕ್ಕಿ ಅಂಗಡಿ. ಫ್ಲೆಕ್ಸ್ ಮೇಲೆ ಏನಿರಲಿಲ್ಲ ಹೇಳಿ! ಸೋನಾ ಮಸೂರಿ, ನುಚ್ಚು, ತೌಡು, ಹಬ್ಬದ ರಿಯಾಯಿತಿ, ಮೂರು ಫೋನ್ ನಂಬರು, ಮೂಲೆಯಲ್ಲಿ ತಾತನ ಫೋಟೊ. ಒಂದಿನ ಅದರ ಕೆಳಗೇ ನಿಂತು ಒಬ್ಬರು, 'ಇಲ್ಲಿ ಅಕ್ಕಿ ಸಿಗ್ತೈತೇನ್ರೀ?' ಅಂದರು.

ರಾತ್ರಿ ಕೂತು ಲೆಕ್ಕ ಹಾಕಿದೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರ್ ದಾಟುತ್ತದೆ. ನಮ್ಮ ಬೋರ್ಡು ಕಾಣುವುದೇ 30 ಮೀಟರಿನಿಂದ. ಓದಲು ಮೂರು ಸೆಕೆಂಡೂ ಇಲ್ಲ! ಹಳದಿ ಮೇಲೆ ಕೆಂಪಕ್ಷರ, ಅದಕ್ಕೆ ನೆರಳು ಬೇರೆ.

ಈಗ ಬಿಳಿ ಬೋರ್ಡು, ಕಪ್ಪಕ್ಷರ: 'ಹಳೆ ಸೋನಾ ಮಸೂರಿ. 25 ಕೆಜಿ ಚೀಲ.' ಕೆಳಗೆ ಒಂದೇ ನಂಬರು. ನುಚ್ಚು, ತೌಡಿನ ರೇಟು ಒಳಗಿನ ಕರಿಹಲಗೆಗೆ ಹೋದವು. ಬಂದವರು ನೇರ 'ಹಳೇದು ಎಷ್ಟ್ರೀ?' ಅಂತಾರೆ. ತಾತನನ್ನು ಇಳಿಸಲು ಮಾತ್ರ ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಗಲ್ಲಾದ ಮೇಲೆ ಹಾರ ಹಾಕಿ ಕೂರಿಸಿದ್ದೇವೆ.